ಗೋಡೆಗೂ ಕಿವಿ, ಮೊಬೈಲಿಗೂ ಕಿವಿ

ಸರಿರಾತ್ರಿ. ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿ ಖರಕ್ ಸಿಂಗ್ ಎಂಬಾತನ ಮನೆ ಬಾಗಿಲನ್ನು ಪೊಲೀಸರು ಬಡಿಯುತ್ತಾರೆ. ಆತ ಎದ್ದು ಬಂದು ಮುಖ ತೋರಿಸಬೇಕು. ಊರು ಬಿಡುವುದಿದ್ದರೆ ಎಲ್ಲಿಗೆ ಹೋಗುತ್ತೇನೆಂದು ಚೌಕೀದಾರನಿಗೆ ಹೇಳಿಯೇ ಹೊರಡಬೇಕು. 1941ರಲ್ಲಿ ದರೋಡೆ ಪ್ರಕರಣವೊಂದರಲ್ಲಿ ಸಿಕ್ಕಿಬಿದ್ದು, ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿದ್ದ ಈತನ ಹೆಸರು ಠಾಣೆಯ ಕಡತದಿಂದ ಮಾತ್ರ ಬಿಡುಗಡೆಯಾಗಲಿಲ್ಲ.

ಈ ದೂರನ್ನು ಹೊತ್ತು ಖರಕ್ ಸಿಂಗ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ. ಆರು ನ್ಯಾಯಮೂರ್ತಿಗಳ ಪೀಠ 1962ರ ಡಿಸೆಂಬರ್ 18ರಂದು ತೀರ್ಪಿತ್ತಿತು. ರಾತ್ರಿ ಮನೆಗೆ ಬರುವುದು ತಪ್ಪು, ಆದರೆ ಓಡಾಟದ ಮೇಲೆ ಕಣ್ಣಿಡುವುದು ತಪ್ಪಲ್ಲ, ಖಾಸಗಿತನವೆಂಬ ಮೂಲಭೂತ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲ ಎಂದು ನಾಲ್ವರು ಹೇಳಿದರು. ಕೆ. ಸುಬ್ಬರಾವ್ ಮತ್ತು ಜೆ.ಸಿ. ಶಾ ಒಪ್ಪಲಿಲ್ಲ. ಸದಾ ನೆರಳಿನಂತೆ ಹಿಂಬಾಲಿಸಲ್ಪಡುವವನಿಗೆ ಇಡೀ ದೇಶವೇ ಸೆರೆಮನೆ ಎಂಬುದು ಸುಬ್ಬರಾವ್ ಅವರ ವಾದದ ತಿರುಳು. ಅಲ್ಪಮತದ ತೀರ್ಪು ಕಾನೂನಾಗುವುದಿಲ್ಲವಲ್ಲ. ಅದು ಗ್ರಂಥಾಲಯ ಸೇರಿತು.

ಇಂದು ಚೌಕೀದಾರನ ಅಗತ್ಯವಿಲ್ಲ. ಯಾರು ಎಲ್ಲಿಗೆ ಹೋದರು, ಯಾರೊಡನೆ ಮಾತನಾಡಿದರು, ಏನು ಕೊಂಡರು ಎಂಬುದೆಲ್ಲ ಜೇಬಿನ ಮೊಬೈಲಿನಿಂದಲೇ ಗೊತ್ತಾಗುತ್ತದೆ. ತಂತ್ರಜ್ಞಾನ ಕಂಪೆನಿಗಳ ಬಗ್ಗೆ ಜನರಲ್ಲಿ ಬೆಳೆದಿರುವ ಅಪನಂಬಿಕೆ ಈ ಅರಿವಿನಿಂದಲೇ ಹುಟ್ಟಿದ್ದು. ಆದರೆ ನಮ್ಮ ದೇಶದಲ್ಲಿ ಈ ಅಪನಂಬಿಕೆ ಅಂತರ್ಜಾಲಕ್ಕಿಂತ ಬಹಳ ಹಳೆಯದು. ಅದು ಮೊದಲು ಮೂಡಿದ್ದು ಸರ್ಕಾರದ ಬಗ್ಗೆ.

ಬ್ರಿಟಿಷರು 1885ರಲ್ಲಿ ತಂದ ತಂತಿ ಕಾಯ್ದೆ ಸಂದೇಶವನ್ನು ನಡುವೆಯೇ ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಬ್ರಿಟಿಷರು ಹೋದರು, ಕಾಯ್ದೆ ಉಳಿಯಿತು. ತಂತಿಗೆಂದು ಬರೆದ ನಿಯಮ ದೂರವಾಣಿಗೂ ಅನ್ವಯವಾಯಿತು. ಕದ್ದಾಲಿಕೆಯ ಬಿಸಿ ಎಷ್ಟಿರಬಹುದೆಂದು ಕರ್ನಾಟಕ ಕಂಡದ್ದು 1988ರಲ್ಲಿ. ರಾಜಕಾರಣಿಗಳ ಮತ್ತಿತರರ ದೂರವಾಣಿ ಕದ್ದು ಆಲಿಸಿದ ಆರೋಪ ಎದ್ದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಇಂಥ ಆರೋಪಕ್ಕೆ ಕುರ್ಚಿ ಬಿಡುವುದು ಆಮೇಲೆ ಅಷ್ಟೇನೂ ರೂಢಿಯಾಗಲಿಲ್ಲ, ಆ ಮಾತು ಬೇರೆ.

ಮೂರು ವರ್ಷಗಳ ನಂತರ, 1991ರಲ್ಲಿ, ಕದ್ದಾಲಿಕೆ ಕುರಿತ ಸಿಬಿಐ ವರದಿಯೊಂದು ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವೆಡೆ ಆದೇಶವೇ ಇರಲಿಲ್ಲ, ದಾಖಲೆ ಪುಸ್ತಕಗಳನ್ನು ಸರಿಯಾಗಿ ಇಟ್ಟಿರಲಿಲ್ಲ, ಅವಧಿ ಮುಗಿದ ಮೇಲೂ ಆಲಿಸುವುದು ನಿಂತಿರಲಿಲ್ಲ. ಇದನ್ನು ಹಿಡಿದು ಪಿಯುಸಿಎಲ್ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. ದೂರವಾಣಿ ಮಾತುಕತೆಯೂ ಖಾಸಗಿ ಬದುಕಿನ ಭಾಗವೆಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 1996ರ ಡಿಸೆಂಬರ್ 18ರಂದು. ಖರಕ್ ಸಿಂಗ್ ತೀರ್ಪು ಬಂದು ಅಂದಿಗೆ ಸರಿಯಾಗಿ 34 ವರ್ಷ! ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದು ಎರಡು ತಿಂಗಳಿಗಷ್ಟೇ ಊರ್ಜಿತ, ಹೇಗೇ ಮುಂದುವರಿಸಿದರೂ ಆರು ತಿಂಗಳು ಮೀರಕೂಡದು ಎಂಬ ಕಟ್ಟಳೆಗಳು ಬಂದವು. ಆದರೆ ಆದೇಶವನ್ನು ಮರುಪರಿಶೀಲಿಸುವ ಸಮಿತಿಯಲ್ಲಿ ಇದ್ದವರೂ ಸರ್ಕಾರದ ಕಾರ್ಯದರ್ಶಿಗಳೇ. ಕೋರ್ಟಿನ ಮುಂಗಡ ಅನುಮತಿ ಬೇಕೆಂಬ ಬೇಡಿಕೆಗೆ ಮನ್ನಣೆ ಸಿಗಲಿಲ್ಲ.

ಆ ಕಾಲದಲ್ಲಿ ಮನೆಗಳ ದೂರವಾಣಿ ಸರ್ಕಾರದ್ದಾಗಿತ್ತು. ತಂತಿಯ ಒಡೆಯನೂ ಅವನೇ, ಕದ್ದು ಕೇಳುವವನೂ ಅವನೇ. ಅಂತರ್ಜಾಲ ಬಂದ ಮೇಲೆ ಒಡೆಯ ಬದಲಾದ. ಜನ ತಮ್ಮ ವಿವರಗಳನ್ನು ತಾವಾಗಿಯೇ ಖಾಸಗಿ ಕಂಪೆನಿಗಳಿಗೆ ಕೊಡತೊಡಗಿದರು. ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂಬುದು 2018ರಲ್ಲಿ ಬಯಲಾಯಿತು. ಕೇಂಬ್ರಿಜ್ ಅನಲಿಟಿಕಾ ಎಂಬ ರಾಜಕೀಯ ಸಲಹಾ ಸಂಸ್ಥೆಗೆ ಫೇಸ್‌ಬುಕ್ ಬಳಕೆದಾರರ ಮಾಹಿತಿ ಒಂದು ರಸಪ್ರಶ್ನೆಯ ಆ್ಯಪ್ ಮೂಲಕ ತಲುಪಿತ್ತು. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು 335 ಮಂದಿ. ಸ್ನೇಹಿತರ ಪಟ್ಟಿಯ ಮೂಲಕ ಮಾಹಿತಿ ಸೋರಿರಬಹುದಾದ ಭಾರತೀಯರ ಸಂಖ್ಯೆ ಫೇಸ್‌ಬುಕ್ಕಿನ ಅಂದಾಜಿನಂತೆಯೇ 5.62 ಲಕ್ಷ. ಒಬ್ಬ ಬಾಗಿಲು ತೆರೆದರೆ ಇಡೀ ಬೀದಿಯ ಮನೆಗಳಿಗೆ ನುಗ್ಗಿದಂತೆ. 2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಹೊಸ ಷರತ್ತುಗಳನ್ನು ಒಪ್ಪಿಕೊಳ್ಳಿ ಎಂದಾಗ ಅನೇಕರು ಸಿಗ್ನಲ್, ಟೆಲಿಗ್ರಾಂಗಳತ್ತ ಹೊರಳಿದರು. ಕಂಪೆನಿ ಗಡುವನ್ನು ಮುಂದೂಡಬೇಕಾಯಿತು. ಇದೇ ಷರತ್ತುಗಳ ಸಂಬಂಧ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಅದರ ಒಡೆತನದ ಮೆಟಾ ಕಂಪೆನಿಗೆ 213 ಕೋಟಿ ರೂಪಾಯಿ ದಂಡ ವಿಧಿಸಿತು.

ಈ ನಡುವೆ ಖರಕ್ ಸಿಂಗ್ ಕಡತ ಮತ್ತೆ ತೆರೆದುಕೊಂಡಿತ್ತು. ತೆರೆಸಿದವರು ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಪಡೆಯುವ ಯೋಜನೆ ಸಂಸತ್ತಿನ ಕಾನೂನಿಲ್ಲದೆ ನಡೆಯುತ್ತಿದೆ ಎಂಬುದು ಅವರ ಆಕ್ಷೇಪ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು 2015ರಲ್ಲಿ ಕೇಂದ್ರ ಸರ್ಕಾರ ವಾದಿಸಿತು. ಅದಕ್ಕೆ ಆಧಾರ ಖರಕ್ ಸಿಂಗ್ ತೀರ್ಪು, ಜೊತೆಗೆ 1954ರಲ್ಲಿ ಎಂಟು ನ್ಯಾಯಮೂರ್ತಿಗಳು ಕೊಟ್ಟ ಇನ್ನೊಂದು ತೀರ್ಪು. ಎಂಟು ಮಂದಿಯ ಮಾತನ್ನು ಅಳಿಸಲು ಒಂಬತ್ತು ಮಂದಿಯ ಪೀಠವೇ ಬೇಕು. ಹಾಗೆ ರಚನೆಯಾದ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಸುಬ್ಬರಾವ್ ಅವರ ಅಲ್ಪಮತ 55ನೇ ವರ್ಷದಲ್ಲಿ ಗೆದ್ದಿತು. ಪೀಠದಲ್ಲಿದ್ದ ಸಂಜಯ್ ಕಿಶನ್ ಕೌಲ್ ತಮ್ಮ ತೀರ್ಪಿನಲ್ಲಿ ಊಬರ್, ಫೇಸ್‌ಬುಕ್‌ಗಳ ಹೆಸರನ್ನೇ ಎತ್ತಿ, ಅಪಾಯ ಸರ್ಕಾರದಿಂದ ಮಾತ್ರವಲ್ಲ ಎಂದು ಎಚ್ಚರಿಸಿದರು. ಮರುವರ್ಷ ಆಧಾರ್ ಯೋಜನೆಗೆ ಕೋರ್ಟ್ ಬಹುಮತದಿಂದ ಒಪ್ಪಿಗೆ ಕೊಟ್ಟಿತಾದರೂ ಖಾಸಗಿ ಕಂಪೆನಿಗಳು ಅದನ್ನು ಬಳಸಲು ಅವಕಾಶವಿದ್ದ ಕಲಮನ್ನು ರದ್ದುಮಾಡಿತು.

ಹಕ್ಕೇನೋ ಸಿಕ್ಕಿತು. ಬಲಿಷ್ಠರನ್ನು ಕೇಳುವವರು ಯಾರು? ಪೆಗಾಸಸ್ ಕುತಂತ್ರಾಂಶದ ಪ್ರಕರಣದಲ್ಲಿ, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ತನಿಖೆ ನಡೆಸಿತು. ಪರೀಕ್ಷಿಸಿದ 29 ಫೋನ್‌ಗಳ ಪೈಕಿ ಐದರಲ್ಲಿ ಕುತಂತ್ರಾಂಶದ ಸುಳಿವಿತ್ತು, ಅದು ಪೆಗಾಸಸ್ಸೇ ಎಂದು ಸಿದ್ಧಪಡಲಿಲ್ಲ. ಕೇಂದ್ರ ಸರ್ಕಾರ ತನಿಖೆಗೆ ಸಹಕರಿಸಲಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ಕೋರ್ಟೇ ತಿಳಿಸಿತು.

ಒಂಬತ್ತು ನ್ಯಾಯಮೂರ್ತಿಗಳ ತೀರ್ಪಿನ ಫಲವಾಗಿ 2023ರಲ್ಲಿ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಬಂತು. ತಪ್ಪಿದ ಕಂಪೆನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಸರ್ಕಾರ ಬಯಸಿದರೆ ಭದ್ರತೆಯ ಕಾರಣಕ್ಕೆ ತನ್ನ ಸಂಸ್ಥೆಗಳನ್ನು ಕಾಯ್ದೆಯ ಹಿಡಿತದಿಂದ ಹೊರಗಿಡಬಹುದು. ಸೋಜಿಗದ ಸಂಗತಿ ಎಂದರೆ, ಕಾಯ್ದೆಯ ಕೊನೆಯ ಕಲಮಿನಲ್ಲಿ ಮಾಹಿತಿ ಹಕ್ಕು ಕಾಯ್ದೆಗೆ ಒಂದು ತಿದ್ದುಪಡಿ ಅಡಗಿದೆ. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ವೈಯಕ್ತಿಕ ವಿವರವನ್ನಷ್ಟೇ ನಿರಾಕರಿಸಬಹುದು, ಸಾರ್ವಜನಿಕ ಹಿತವಿದ್ದರೆ ಅದನ್ನೂ ಕೊಡಬೇಕು ಎಂದು ಅಲ್ಲಿ ಮೊದಲು ಇತ್ತು. ಈಗ ಉಳಿದಿರುವುದು ವೈಯಕ್ತಿಕ ಮಾಹಿತಿ ಎಂಬ ಎರಡೇ ಪದ. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಲು ಬೇರೊಂದು ಕಲಮು ಇದ್ದೇ ಇದೆ ಎಂಬುದು ಸರ್ಕಾರದ ಸಮಜಾಯಿಷಿ.

ಮಾಹಿತಿ ಹಕ್ಕಿನ ಹೋರಾಟ ಕಾವೇರಿದ್ದು 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ. ಕಾಮಗಾರಿಯ ಮಸ್ಟರ್ ರೋಲ್‌ಗಳಲ್ಲಿದ್ದ ಹೆಸರುಗಳನ್ನು ಜನರೆದುರು ಗಟ್ಟಿಯಾಗಿ ಓದಿದಾಗಲೇ ಕೂಲಿಯ ಹಣ ಯಾರ ಜೇಬಿಗೆ ಹೋಯಿತೆಂಬುದು ಬಯಲಾದದ್ದು. ಹೆಸರು, ಕೂಲಿ, ಹೆಬ್ಬೆಟ್ಟಿನ ಗುರುತು, ಎಲ್ಲವೂ ವೈಯಕ್ತಿಕ ಮಾಹಿತಿಯೇ. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಆ ತಿದ್ದುಪಡಿ ಜಾರಿಗೆ ಬಂದದ್ದು ಮರುವರ್ಷದ ನವೆಂಬರ್‌ನಲ್ಲಿ.