ಆಣೆವಾರಿಗೆ ಸಿಗದ ಕೇರಿ

ಹಿಂದೆ ಬೆಳೆಯನ್ನು ಆಣೆಯಲ್ಲಿ ಅಳೆಯುತ್ತಿದ್ದರು. ಹದಿನಾರಾಣೆ ಅಂದರೆ ತುಂಬು ಬೆಳೆ, ನಾಕಾಣೆ ಅಂದರೆ ಬರ. ಕಂದಾಯದವರು ಹೊಲದ ಬದುವಿನ ಮೇಲೆ ನಿಂತು ಕಣ್ಣಳತೆಯಲ್ಲಿ ಆಣೆ ಹೇಳುತ್ತಿದ್ದರು. ಕಂದಾಯ ಮಾಫಿ ಆಗಬೇಕೋ ಬೇಡವೋ ಅದರ ಮೇಲೆ ತೀರ್ಮಾನ. ಯಾವ ಹೊಲ ನೋಡಿದರು, ಯಾರ ಮನೆ ಕಟ್ಟೆಯ ಮೇಲೆ ಕುಂತು ಬರೆದರು ಅನ್ನುವುದರ ಮೇಲೆ ಆಣೆ ಏರಬಹುದಿತ್ತು, ಇಳಿಯಬಹುದಿತ್ತು. ಹೊಲವೇ ಇಲ್ಲದ ಕೂಲಿಯವನ ಹಸಿವು ಎಷ್ಟಾಣೆ? ಆ ಪ್ರಶ್ನೆ ಆಣೆವಾರಿಯಲ್ಲಿ ಇರಲೇ ಇಲ್ಲ.

ಈಗ ಆಣೆ ಹೋಗಿ ಸೂಚ್ಯಂಕ ಬಂದಿದೆ. ಕೆಲಸಕ್ಕೆ ಮೌಲ್ಯಮಾಪನ ಎಂದು ಹೆಸರು. ಮಾಡುವವರು ಓದಿದವರು, ಬಹಳ ಮಂದಿ ಪ್ರಾಮಾಣಿಕರು. ಆದರೂ ಏನನ್ನು ಎಣಿಸಬೇಕು, ಏನನ್ನು ಬಿಡಬೇಕು, ಗೆರೆ ಎಲ್ಲಿ ಎಳೆಯಬೇಕು, ಯಾರನ್ನು ಕೇಳಬೇಕು ಎಂಬುದನ್ನು ಪುಸ್ತಕ ಪೂರ್ತಿ ಹೇಳಿಕೊಡುವುದಿಲ್ಲ. ಕೈಯಲ್ಲಿರುವ ದಿನ, ದುಡ್ಡು, ಸಿಕ್ಕ ಅಂಕಿ ನೋಡಿ ಅವರೇ ನಿರ್ಧರಿಸುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಜನರಿಗೆ ಈ ನಿರ್ಧಾರಗಳು ಏನು ಮಾಡಿದವು? ನಾವು ಕೇಳಬೇಕಾದ ಚರಿತ್ರೆ ಇದು.

1952ರ ಅಕ್ಟೋಬರಿನಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಅದನ್ನು ಅಳೆಯಲೆಂದೇ ದಿಲ್ಲಿಯಲ್ಲಿ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆ ಹುಟ್ಟಿತು. ಮರುವರ್ಷ ತುಂಗಭದ್ರಾ ಜಲಾಶಯದಿಂದ ನೀರು ಹರಿಯಿತು. ಗಂಗಾವತಿ ಭತ್ತದ ಸೀಮೆಯಾಯಿತು. ಕುಷ್ಟಗಿ, ಯಲಬುರ್ಗಾ ಮೋಡ ನೋಡುತ್ತಾ ಕುಂತವು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ನಾಲ್ಕೂ ತಾಲ್ಲೂಕು ರಾಯಚೂರು ಜಿಲ್ಲೆಯ ಒಂದೇ ಲೆಕ್ಕದಲ್ಲಿದ್ದವು. ಜಿಲ್ಲೆಯನ್ನು ಅಳತೆ ಮಾಡಿದರೆ ಗಂಗಾವತಿಯ ಭತ್ತ ಕುಷ್ಟಗಿಯ ಬರವನ್ನು ಮುಚ್ಚುತ್ತದೆ. ಸರಾಸರಿ ಅನ್ನೋದು ಉಂಡವನ ತಾಟು ತೋರಿಸಿ ಉಪವಾಸ ಇದ್ದವನ ಹೊಟ್ಟೆ ತುಂಬಿದೆ ಎನ್ನುವ ಲೆಕ್ಕ.

2000ದಲ್ಲಿ ರಚನೆಯಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಈ ಮುಚ್ಚಳ ತೆಗೆಯಿತು. ಜಿಲ್ಲೆ ಬಿಟ್ಟು ತಾಲ್ಲೂಕನ್ನು ಅಳೆಯಲು ನಿರ್ಧರಿಸಿತು. 35 ಸೂಚಕ ಹಿಡಿಯಿತು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟಿತು. 2002ರ ವರದಿಯಲ್ಲಿ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಕುಷ್ಟಗಿ, ಯಲಬುರ್ಗಾ ಆ 39ರಲ್ಲಿ ಬಂದವು. ಇದು ಸಣ್ಣ ಕೆಲಸವಲ್ಲ. ಹೈದರಾಬಾದ್ ಕರ್ನಾಟಕದ ಕೂಗಿಗೆ ಅಂಕಿಯ ಬಲ ಕೊಟ್ಟದ್ದು ಈ ವರದಿ. 371ಜೆ ವಿಧಿಗಾಗಿ ನಡೆದ ಹೋರಾಟವೂ ಇದನ್ನು ಕೈಯಲ್ಲಿ ಹಿಡಿದಿತ್ತು.

ಆದರೆ 0.79 ಇದ್ದರೆ ಅತ್ಯಂತ, 0.80 ಇದ್ದರೆ ಅತಿ ಎಂಬ ಗೆರೆಯನ್ನು ಮಳೆ ಎಳೆಯಲಿಲ್ಲ, ಮಣ್ಣು ಎಳೆಯಲಿಲ್ಲ. ಮನುಷ್ಯರು ಕುಂತು ಎಳೆದರು. ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದ ಅಳತೆ ಅಲ್ಲಿಗೇ ನಿಂತಿತು. ಊರಿಗೆ ಇಳಿಯಲಿಲ್ಲ, ಊರು ದಾಟಿ ಕೇರಿಗೆ ಬರಲಿಲ್ಲ.

ಕೇರಿಗೆ ಬಂದಿದ್ದರೆ ಏನು ಕಾಣುತ್ತಿತ್ತು? ಭತ್ತದ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲು ಸುಟ್ಟರು. ಕ್ಷೌರದಂಗಡಿಗೆ, ಹೋಟೆಲಿಗೆ ನಮ್ಮನ್ನೂ ಬಿಡಿ ಎಂಬುದು ಜಗಳದ ಮೂಲ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 101 ಮಂದಿಯನ್ನು ಅಪರಾಧಿಗಳೆಂದು, 98 ಮಂದಿಗೆ ಜೀವಾವಧಿ ವಿಧಿಸಿತು. ಪ್ರಕರಣ ಹೈಕೋರ್ಟಿಗೂ ಹೋಯಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ದಲಿತ ಕೂಸು ಗುಡಿಯೊಳಗೆ ಓಡಿತೆಂದು ಹೆತ್ತವರಿಗೆ ದಂಡ ಹಾಕಿದರು. ಒಂದು ನೀರಾವರಿ ಸೀಮೆ, ಇನ್ನೊಂದು ಬರದ ಸೀಮೆ. ಸೂಚ್ಯಂಕದಲ್ಲಿ ಬೇರೆ ಬೇರೆ. ಕೇರಿಯಿಂದ ನೋಡಿದರೆ ಅಕ್ಕಪಕ್ಕ. ಕಾಲುವೆ ಉದ್ದ, ಆಸ್ಪತ್ರೆ ಹಾಸಿಗೆ, ಬ್ಯಾಂಕು ಎಣಿಸಬಹುದು. ಹೋಟೆಲಿನಲ್ಲಿ ಬೇರೆ ಲೋಟ ಇದೆಯೇ ಎಂದು ಎಣಿಸುವವರು ಯಾರು?

ಕೇಳುವ ಹೊತ್ತೂ ಒಂದು ನಿರ್ಧಾರವೇ. ಜೀಪು ಬರುವುದು ಹಗಲಲ್ಲಿ. ಕೇರಿಯವರು ಆಗ ನಾಟಿಗೆ, ಕಳೆ ತೆಗೆಯಲಿಕ್ಕೆ ಹೋಗಿರುತ್ತಾರೆ. ಪಂಚಾಯಿತಿ ಕಟ್ಟೆಯ ಮೇಲೆ ಕುಂತವರು ಹೇಳಿದ್ದು ಊರಿನ ಮಾತಾಗುತ್ತದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೆಯ ಕಲಂ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಗ್ರಾಮಸಭೆಯ ಕೈಗೆ ಕೊಟ್ಟಿತು. ಕೂಲಿ ಮಾಡಿದವರೇ ಹಾಜರಿ ಪಟ್ಟಿ ಕೇಳಬಹುದೆಂದಾಯಿತು. ದೊಡ್ಡ ಹೆಜ್ಜೆ. ಆದರೆ ಕೂಲಿ ಕೊಡುವ ಗೌಡನ ಎದುರಿಗೇ ಎದ್ದು ಕೇಳುವ ಎದೆಗಾರಿಕೆಯನ್ನು ಕಾಯ್ದೆ ಬರೆದು ಕೊಡಲಾರದು. ಅದು ಸಂಘಟನೆಯಿಂದ ಬರಬೇಕು.

2024ರಲ್ಲಿ ಪ್ರಾದೇಶಿಕ ಅಸಮಾನತೆ ಅಳೆಯಲು ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಆಯಿತು. ಅಷ್ಟರಲ್ಲಿ ಕನಕಗಿರಿ, ಕಾರಟಗಿ, ಕುಕನೂರು ಸೇರಿ ನಮ್ಮ ನಾಲ್ಕು ತಾಲ್ಲೂಕು ಏಳಾಗಿದ್ದವು. ತಾಲ್ಲೂಕು ಒಡೆದರೆ ಕೇರಿ ತಾನಾಗಿ ಲೆಕ್ಕಕ್ಕೆ ಬರುವುದಿಲ್ಲ.

ಅಳೀರಿ, ನಾವು ಬ್ಯಾಡ ಅನ್ನಂಗಿಲ್ಲ. ಅಳೆಯದಿದ್ದರೆ ನಮ್ಮ ಪಾಲು ಕೇಳಲಿಕ್ಕೆ ಆಧಾರವೇ ಇರುವುದಿಲ್ಲ. ಆದರೆ ಏನನ್ನು ಅಳೆಯಬೇಕೆಂಬ ತೀರ್ಮಾನದಲ್ಲಿ ನಮಗೂ ಮಾತಿರಬೇಕು. ಮೇಷ್ಟ್ರೇ, ವಿದ್ಯಾರ್ಥಿ ಗೆಳೆಯರೇ, ಸಮಿತಿಗೆ ಕಾಯಬೇಡಿ. ಹೊತ್ತು ಮುಳುಗಿ ಕೂಲಿಯವರು ಮನೆಗೆ ಬಂದ ಮೇಲೆ ಒಂದು ನೋಟ್‌ಬುಕ್ ಹಿಡಿದು ಕೇರಿಗೆ ನಡೆಯಿರಿ. ನಳ ಎಲ್ಲಿಗೆ ನಿಂತಿದೆ, ಕೂಲಿ ಎಷ್ಟು ಸಿಕ್ಕಿತು, ಕ್ಷೌರ ಮಾಡಿಸಲಿಕ್ಕೆ ಯಾವ ಊರಿಗೆ ಹೋಗ್ತೀರಿ, ಇಷ್ಟು ಕೇಳಿ ಬರೆದುಕೊಳ್ಳಿ. ಬರೆದದ್ದನ್ನು ಅಲ್ಲೇ ಅವರಿಗೆ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.