ಬಾವುಟವಿಲ್ಲದ ಸಭೆ

ಹರಿಹರ ತಾಲ್ಲೂಕಿನ ಹಳ್ಳಿಗಳಲ್ಲಿ ಪಂಚಾಯ್ತಿ ಕಾರ್ಯದರ್ಶಿಯಾಗಿ ಕೆಲಸ ಮಾಡಿದವನು ನಾನು. ಈಗ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮಗನ ಮನೆಯಲ್ಲಿದ್ದೇನೆ. 'ಸಭೆಯು ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಿತು' ಎಂದು ನಡಾವಳಿ ಪುಸ್ತಕದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಒಂದು ಸಾಲಿನ ಹಿಂದೆ ಎಷ್ಟೋ ಸಲ ಮೂರು ತಾಸಿನ ಜಗಳ ಇರುತ್ತಿತ್ತು.

ಹರಿಹರ ನಗರಸಭೆಗೆ, ದಾವಣಗೆರೆ ಮಹಾನಗರ ಪಾಲಿಕೆಗೆ ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ನಡೆಯುತ್ತದೆ. ಗ್ರಾಮ ಪಂಚಾಯ್ತಿಗೆ ಹಾಗಲ್ಲ. ಅಲ್ಲಿ ಆಟೋರಿಕ್ಷಾ, ಹೊಲಿಗೆ ಯಂತ್ರ, ಗ್ಯಾಸ್ ಸಿಲಿಂಡರ್ ಇಂಥ ಚಿಹ್ನೆಗಳು. ಪಕ್ಷದ ಬಾವುಟ ಹಿಡಿಯುವಂತಿಲ್ಲ. ಸುಮಾರು 400 ಜನಕ್ಕೊಬ್ಬ ಸದಸ್ಯ. ಗೆದ್ದವರೇ ತಮ್ಮೊಳಗಿನ ಒಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸಿಕೊಳ್ಳಬೇಕು. ಇದು 1993ರ ಕಾಯ್ದೆಯಿಂದ ಬಂದ ಏರ್ಪಾಡು ಎಂದಷ್ಟೇ ನಾನೂ ತಿಳಿದಿದ್ದೆ. ನಿವೃತ್ತಿಯಾದ ಮೇಲೆ ಹಳೆಯ ಮೈಸೂರು ಸಂಸ್ಥಾನದ ಚರಿತ್ರೆ ಓದತೊಡಗಿದಾಗ ಪಕ್ಷವಿಲ್ಲದ ಸಭೆ ನಮ್ಮ ಸೀಮೆಗೆ ಇನ್ನೂ ಹಳೆಯದು ಎಂದು ಗೊತ್ತಾಯಿತು.

1881ರ ಮಾರ್ಚ್‌ನಲ್ಲಿ ಬ್ರಿಟಿಷರು ರಾಜ್ಯವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಹಿಂತಿರುಗಿಸಿದರು. ಅದೇ ವರ್ಷದ ದಸರೆಗೆ, ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಸದಸ್ಯರು 144 ಮಂದಿ. ತಾಲ್ಲೂಕಿಗೆ ಒಬ್ಬಿಬ್ಬರು ರೈತರು, ಜಿಲ್ಲೆಗೆ ಮೂರು ನಾಲ್ಕು ವರ್ತಕರು.

ನಮ್ಮ ಕಡೆಯಿಂದ ಆ ಸಭೆಗೆ ಹೋಗುವುದೆಂದರೇನು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಹರಿಹರಕ್ಕೆ ರೈಲು ಬಂದದ್ದು 1889ರಲ್ಲಿ. ಅಲ್ಲಿಯವರೆಗೆ ಮೈಸೂರೆಂದರೆ 300 ಕಿಲೋಮೀಟರಿಗೂ ಮೀರಿದ ದಾರಿ. ಎತ್ತಿನ ಗಾಡಿ ಎಷ್ಟು ಜೋರಾಗಿ ಓಡಿದರೂ ದಿನಕ್ಕೆ 30 ಕಿಲೋಮೀಟರು. ಹತ್ತು ಹನ್ನೆರಡು ದಿನ ಹೋಗಲು, ಅಷ್ಟೇ ದಿನ ಬರಲು. ಬುತ್ತಿ, ಎತ್ತಿಗೆ ಮೇವು, ರಾತ್ರಿ ಯಾವುದೋ ಊರಿನ ಛತ್ರ. ಅಷ್ಟು ದೂರ ಹೋದ ರೈತ ಅಲ್ಲಿ ಯಾವ ಪಕ್ಷದ ಪರವಾಗಿಯೂ ಮಾತಾಡಬೇಕಿರಲಿಲ್ಲ. ಪಕ್ಷವೇ ಇರಲಿಲ್ಲ. ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು. ಸದಸ್ಯರು ತಮ್ಮ ಊರ ಕೆರೆ, ಕಂದಾಯ, ಹುಲ್ಲುಗಾವಲಿನ ಅಹವಾಲು ಹೇಳಿಕೊಳ್ಳುತ್ತಿದ್ದರು.

ಆದರೆ ಅಹವಾಲು ಹೇಳಿಕೊಳ್ಳುವುದಷ್ಟೇ. ಮುಂಗಡಪತ್ರ ಒಪ್ಪುವುದಿಲ್ಲ ಎನ್ನಲು ಅಧಿಕಾರವಿಲ್ಲ, ದಿವಾನರನ್ನು ಇಳಿಸಲು ಅಧಿಕಾರವಿಲ್ಲ. 1891ರಿಂದ ಚುನಾವಣೆ ಬಂತು, ಅದೂ ಕಂದಾಯ ಕಟ್ಟುವ ಅನುಕೂಲಸ್ಥರಿಗೆ, ಪದವೀಧರರಿಗೆ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಎಂಬ ಪಕ್ಷ ಹುಟ್ಟಿತು, ಆಮೇಲೆ ಕಾಂಗ್ರೆಸ್ ಬೆಳೆಯಿತು. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ತಂದದ್ದು ಪಕ್ಷದ ಹೋರಾಟವೇ. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಹಾಗೆ. ಪಕ್ಷವೆಂದರೆ ಕೆಟ್ಟದ್ದೆಂದು ಹೇಳಿದರೆ ಜೈಲಿಗೆ ಹೋದ ಆ ಹಿರಿಯರಿಗೆ ಅನ್ಯಾಯ ಮಾಡಿದಂತೆ. ರಂಗಾಚಾರ್ಲು ಅವರ ಸಭೆಯಲ್ಲಿ ಇದ್ದ ಊನ ಸದಸ್ಯರ ಕೈಯಲ್ಲಿ ಅಧಿಕಾರ ಇಲ್ಲದ್ದು.

ಅಧಿಕಾರವನ್ನೂ ಕೊಟ್ಟು ಪಕ್ಷವನ್ನೂ ಹೊರಗಿಟ್ಟ ಶಾಸನಸಭೆ ಕೆನಡಾದ ಉತ್ತರ ತುದಿಯಲ್ಲಿದೆ. ಇನ್ಯೂಟ್ ಜನರ ನುನಾವುಟ್ ಪ್ರದೇಶ 1999ರ ಏಪ್ರಿಲ್ 1ರಂದು ಹುಟ್ಟಿತು. ಈಗ 22 ಸದಸ್ಯರು, ಎಲ್ಲರೂ ಪಕ್ಷವಿಲ್ಲದೆ ಗೆದ್ದವರು. ಮುಖ್ಯಸ್ಥನನ್ನೂ ಮಂತ್ರಿಗಳನ್ನೂ ಗುಪ್ತ ಮತದಾನದಿಂದ ಅವರೇ ಆರಿಸುತ್ತಾರೆ. ಮಂತ್ರಿಗಳಿಗಿಂತ ಉಳಿದ ಸದಸ್ಯರೇ ಹೆಚ್ಚು. ಆದ್ದರಿಂದ ಉಳಿದವರನ್ನು ಒಪ್ಪಿಸದೆ ಮಂತ್ರಿಗಳು ಒಂದು ಮಸೂದೆಯನ್ನೂ ದಾಟಿಸಲಾರರು. ಇದನ್ನು ಓದಿದಾಗ ನನಗೆ ನಮ್ಮ ಪಂಚಾಯ್ತಿ ಹಾಲೇ ಕಣ್ಣಿಗೆ ಕಟ್ಟಿತು.

ಒಂದು ಬೇಸಿಗೆ. ಕೊಳವೆಬಾವಿ ಒಂದಕ್ಕೆ ಮಾತ್ರ ದುಡ್ಡಿತ್ತು. 15 ಸದಸ್ಯರು, 15 ಕೇರಿ. ಮೂಲೆಯ ಕುರ್ಚಿಯಲ್ಲಿ ಮೀಸಲಾತಿಯಿಂದ ಮೊದಲ ಸಲ ಗೆದ್ದು ಬಂದ ಹೆಣ್ಣುಮಗಳು ಕೂತಿದ್ದಳು. ಅಲ್ಲಿಯವರೆಗೆ ಯಾವ ಸಭೆಯಲ್ಲೂ ಬಾಯಿ ತೆರೆದವಳಲ್ಲ. ಎದ್ದು ನಿಂತು, "ನಮ್ ಕೇರ್ಯಾಗ ಹೆಣ್ಮಕ್ಳು ಹೊಳಿಗೆ ಹೋಗಿ ನೀರು ತರ್ತಾರ. ನಿಮ್ ಕೇರ್ಯಾಗ ನಲ್ಲಿ ಐತಿ. ನೀವಾ ಹೇಳ್ರಿ ಗೌಡ್ರ, ಯಾರಿಗೆ ಮೊದ್ಲು?" ಅಂದಳು. ಎಲ್ಲರಿಗಿಂತ ಜೋರು ಮಾಡುತ್ತಿದ್ದ ಹಿರಿಯ ಸದಸ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಬರ್ಕೊಳ್ರಿ ಸೆಕ್ರೆಟ್ರಿ, ಅವ್ರ ಕೇರಿಗೇ ಹಾಕ್ರಿ" ಎಂದರು. ಯಾವ ನಾಯಕನನ್ನೂ ಕೇಳಿ ಬರುತ್ತೇನೆ ಎನ್ನಲಿಲ್ಲ. ಮನಸ್ಸು ಬದಲಾಯಿಸಿದ್ದಕ್ಕೆ ಪಕ್ಷ ಬಿಟ್ಟ ಎಂಬ ಮಾತೂ ಬರಲಿಲ್ಲ. ಆವತ್ತು ಸರ್ವಾನುಮತ ಎಂಬ ಪದವನ್ನು ನಾನು ನಿಜವಾಗಿ ಬರೆದೆ.

ಎಲ್ಲ ದಿನವೂ ಹೀಗಿರಲಿಲ್ಲ. ಫಲಿತಾಂಶ ಬಂದ ಸಂಜೆಯೇ ಇಷ್ಟು ಮಂದಿ ನಮ್ಮವರು ಎಂದು ಎಲ್ಲ ಪಕ್ಷಗಳೂ ಲೆಕ್ಕ ಕೊಡುತ್ತವೆ. ಒಂದೂರಿನ ಲೆಕ್ಕ ಕೂಡಿಸಿದರೆ ಗೆದ್ದವರಿಗಿಂತ ಹೆಚ್ಚು ಮಂದಿ ಆಗಿದ್ದನ್ನು ಕಂಡಿದ್ದೇನೆ. ಅಧ್ಯಕ್ಷರ ಆಯ್ಕೆಗೆ ಮೊದಲು ಸದಸ್ಯರನ್ನು ರಾತ್ರೋರಾತ್ರಿ ಪ್ರವಾಸಕ್ಕೆ ಹೊರಡಿಸಿ, ಆಯ್ಕೆಯ ದಿನ ಬೆಳಿಗ್ಗೆ ನೇರ ಪಂಚಾಯ್ತಿ ಬಾಗಿಲಿಗೆ ತಂದಿಳಿಸುವುದನ್ನೂ ಕಂಡಿದ್ದೇನೆ. ಅವಿಶ್ವಾಸ ನಿರ್ಣಯಕ್ಕೆ ಮೂರನೇ ಎರಡರಷ್ಟು ಸದಸ್ಯರು ಬೇಕು ಎಂದು ಕಾಯ್ದೆಯಲ್ಲಿದೆ. ಆ ಅಧಿಕಾರ ಊರಿನ ಕೆಲಸಕ್ಕಲ್ಲದೆ ಬರೀ ಕುರ್ಚಿ ಹಂಚಿಕೊಳ್ಳಲು ಬಳಕೆಯಾದರೆ ನೋವಾಗುತ್ತದೆ.

ಹೀಗಾಗಿದೆ, ಪಂಚಾಯ್ತಿಗೂ ಪಕ್ಷದ ಚಿಹ್ನೆ ಕೊಟ್ಟುಬಿಡಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಾವುಟ ಹಿತ್ತಿಲಿಂದ ನುಸುಳುತ್ತಿದೆ ಎಂದು ಮುಂಬಾಗಿಲು ತೆಗೆದರೆ, ಆ ಹಿರಿಯ ಸದಸ್ಯರಂತೆ ಸುಮ್ಮನಾಗಿ ಯೋಚಿಸಿ ಮನಸ್ಸು ತಿರುಗಿಸುವ ಸದಸ್ಯನಿಗೆ ಜಾಗವೇ ಉಳಿಯುವುದಿಲ್ಲ. ಹಿತ್ತಿಲ ಬಾಗಿಲು ಕಾಯಬೇಕಾದವರು ಊರವರು. ನಿಮ್ಮೂರಲ್ಲಿ ಮುಂದಿನ ಗ್ರಾಮಸಭೆಗೆ ಡಂಗುರ ಹೊಡೆದ ದಿನ ಹೋಗಿ ಕುಳಿತುಕೊಳ್ಳಿ. ಹಿಂದಿನ ಸಭೆಯ ನಡಾವಳಿ ಓದಿ ಎಂದು ಕೇಳಿ.