ಅಭಿಮಾನಿ ವಿಕಿಯ ಸಂಪಾದನಾ ನಿಯಮಗಳು

ಅಭಿಮಾನಿ ವಿಕಿ ಎಂದರೆ ಒಂದು ಕಾದಂಬರಿ ಮಾಲೆಯ, ಸಿನಿಮಾದ ಅಥವಾ ಆಟದ ಕಲ್ಪಿತ ಲೋಕವನ್ನು ಕುರಿತು ಅದರ ಓದುಗರೂ ನೋಡುಗರೂ ಸೇರಿ ಬರೆದು, ತಿದ್ದಿ, ಬೆಳೆಸುವ ಅಂತರಜಾಲದ ವಿಶ್ವಕೋಶ. ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಆರಂಭಿಸಿದ ವಿಕಿ ಪದ್ಧತಿ 2001ರಲ್ಲಿ ಹುಟ್ಟಿದ ವಿಕಿಪೀಡಿಯದಿಂದ ಮನೆಮಾತಾಯಿತು. ಅದರ ಬೆನ್ನಿಗೇ ಸ್ಟಾರ್ ಟ್ರೆಕ್‌ಗೆ ಮೆಮೊರಿ ಆಲ್ಫಾ (2003), ಸ್ಟಾರ್ ವಾರ್ಸ್‌ಗೆ ವೂಕೀಪೀಡಿಯ (2005) ಬಂದವು. ಫ್ಯಾಂಟಸಿ ಕಾದಂಬರಿಗಳಿಗೆ ಟೋಲ್ಕಿನ್ ಗೇಟ್‌ವೇ, ಎ ವಿಕಿ ಆಫ್ ಐಸ್ ಆ್ಯಂಡ್ ಫೈರ್, ಕಾಪರ್‌ಮೈಂಡ್ ಮೊದಲಾದವು ಇವೆ. ಯಾರು ಬೇಕಾದರೂ ಪುಟ ತಿದ್ದಬಹುದಾದ ಕಡೆ ಬರೆಯುವವರ ನಡುವೆ ಒಂದು ಒಪ್ಪಂದ ಬೇಕಾಗುತ್ತದೆ. ಸಂಪಾದನಾ ನಿಯಮ ಎಂದರೆ ಆ ಒಪ್ಪಂದ. ಹೆಸರುಗಳ ಕಾಗುಣಿತ, ಚಿತ್ರಗಳ ಬಳಕೆ, ಕಥೆಯ ಗುಟ್ಟು ಒಡೆಯುವ ಮುಂಚೆ ಕೊಡಬೇಕಾದ ಎಚ್ಚರಿಕೆ ಇವೆಲ್ಲ ಅದರಲ್ಲಿ ಬರುತ್ತವೆಯಾದರೂ ಇವನ್ನು ಬಗೆಹರಿಸುವುದು ಅಂಥ ಕಷ್ಟವಲ್ಲ. ಕಷ್ಟವಿರುವುದು ಕಲ್ಪಿತ ಲೋಕದಲ್ಲಿ ‘ನಿಜ’ ಯಾವುದು ಎಂಬ ಪ್ರಶ್ನೆಯಲ್ಲಿ. ಅದಕ್ಕೆ ತೀರ್ಪು ಕೊಡಲು ಹೊರಟ ನಿಯಮ ಸೋಲುತ್ತದೆ. ಪ್ರತಿಯೊಂದು ಮಾತೂ ಯಾವ ಪುಸ್ತಕದ್ದು, ಯಾವ ಆವೃತ್ತಿಯದು ಎಂದು ಕಾಣಿಸುವ ನಿಯಮ ಬಾಳಿಕೆ ಬರುತ್ತದೆ.

ಜೆ.ಆರ್.ಆರ್. ಟೋಲ್ಕಿನ್ ಅವರ ಬರಹಗಳಲ್ಲಿ ಇದಕ್ಕೆ ಧಾರಾಳವಾಗಿ ಪುರಾವೆ ಸಿಗುತ್ತದೆ. 1937ರ ‘ದಿ ಹಾಬಿಟ್’ನಲ್ಲಿ ಗೊಲ್ಲಮ್, ಕಥಾನಾಯಕ ಬಿಲ್ಬೊನ ಜೊತೆಗಿನ ಒಗಟಿನ ಪಂದ್ಯದಲ್ಲಿ ಸೋತರೆ ಉಂಗುರವನ್ನೇ ಕೊಡುವುದಾಗಿ ಒಪ್ಪಿಕೊಳ್ಳುತ್ತಾನೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆಯುವಾಗ ಉಂಗುರದ ಸ್ವಭಾವವೇ ಬದಲಾಗಿ, ಅದನ್ನು ಯಾರೂ ಮನಸಾರೆ ಬಿಟ್ಟುಕೊಡಲಾರರು ಎಂದಾದ ಮೇಲೆ ಟೋಲ್ಕಿನ್ ಆ ಅಧ್ಯಾಯವನ್ನು ತಿದ್ದಿ ಬರೆದರು. ಆ ಪಾಠ 1951ರ ಆವೃತ್ತಿಯಲ್ಲಿ ಅಚ್ಚಾಯಿತು. ಅಷ್ಟಕ್ಕೇ ನಿಲ್ಲಿಸದೆ, ಮೊದಲಿನ ಕಥೆ ಬಿಲ್ಬೊ ತನ್ನ ಗೆಳೆಯರಿಗೆ ಹೇಳಿದ ಸುಳ್ಳು ಎಂದು ಮುಂದಿನ ಕೃತಿಯ ಪೀಠಿಕೆಯಲ್ಲಿ ಸೇರಿಸಿ, ಎರಡು ಪಾಠಗಳನ್ನೂ ಕಥೆಯೊಳಗೇ ಉಳಿಸಿಕೊಂಡರು. 1973ರಲ್ಲಿ ಅವರು ತೀರಿಕೊಂಡ ನಂತರ ಮಗ ಕ್ರಿಸ್ಟೊಫರ್ ಹಸ್ತಪ್ರತಿಗಳನ್ನು ಹೊಂದಿಸಿ 1977ರಲ್ಲಿ ‘ದಿ ಸಿಲ್ಮರಿಲಿಯನ್’ ಹೊರತಂದರು. ಅದರಲ್ಲಿ ಎಲ್ಫ್ ದೊರೆ ಗಿಲ್-ಗಲಾಡ್ ಫಿಂಗೋನನ ಮಗ. ಆದರೆ 1983ರಿಂದ 1996ರವರೆಗೆ 12 ಸಂಪುಟಗಳಲ್ಲಿ ಕರಡುಗಳನ್ನೆಲ್ಲ ಪ್ರಕಟಿಸುತ್ತ ಹೋದ ಕ್ರಿಸ್ಟೊಫರ್, ಕೊನೆಯ ಸಂಪುಟದಲ್ಲಿ ಆ ಆಯ್ಕೆ ತಪ್ಪಾಗಿತ್ತೆಂದು ಒಪ್ಪಿಕೊಂಡರು. ತಂದೆಯ ಕೊನೆಯ ಟಿಪ್ಪಣಿಗಳ ಪ್ರಕಾರ ಅವನು ಓರೊಡ್ರೆತ್‌ನ ಮಗ. ಓರ್ಕ್‌ಗಳ ಹುಟ್ಟಿನದೂ ಇದೇ ಕಥೆ: 1977ರ ಪುಸ್ತಕದಲ್ಲಿ ಅವು ಕೆಡಿಸಲ್ಪಟ್ಟ ಎಲ್ಫ್‌ಗಳ ಸಂತತಿ, ಆಮೇಲೆ ಪ್ರಕಟವಾದ ಬರಹಗಳಲ್ಲಿ ಟೋಲ್ಕಿನ್ ಮನುಷ್ಯರ ಕಡೆಗೆ ವಾಲುತ್ತಾರೆ. ಇಂಥಲ್ಲಿ ‘ಗಿಲ್-ಗಲಾಡ್‌ನ ತಂದೆ ಫಿಂಗೋನ್’ ಎಂದಷ್ಟೇ ಬರೆದವನು ತಪ್ಪು ಬರೆದಿಲ್ಲ, ಸರಿಯನ್ನೂ ಬರೆದಿಲ್ಲ. ‘1977ರ ಪಾಠದಲ್ಲಿ ಹೀಗೆ, ಕೊನೆಯ ಟಿಪ್ಪಣಿಗಳಲ್ಲಿ ಹಾಗೆ’ ಎಂದು ಬರೆದವನ ಮಾತನ್ನು ಮಾತ್ರ ಮುಂದೆ ಯಾರೂ ಅಳಿಸಬೇಕಾಗುವುದಿಲ್ಲ. ಟೋಲ್ಕಿನ್ ಗೇಟ್‌ವೇ ತನ್ನ ಪುಟಗಳಲ್ಲಿ ಬೇರೆ ಪಾಠಗಳಿಗೆಂದೇ ಒಂದು ಭಾಗ ಇಟ್ಟಿರುವುದರ ಹಿಂದೆ ಈ ತಿಳಿವಳಿಕೆ ಇದೆ.

ಓದುಗನಿಗೆ ಬೇಕಾದದ್ದು ಒಂದು ಉತ್ತರ, ಪಾಠಾಂತರಗಳ ಪಟ್ಟಿಯಲ್ಲ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಆಕ್ಷೇಪದಲ್ಲಿ ಹುರುಳಿದೆ: ಎಲ್ಲ ಕರಡುಗಳನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಪುಟ ಗೋಜಲಾಗುತ್ತದೆ. ಆದರೆ ಆಕರ ಹೇಳುವುದು ಬೇರೆ, ಆಕರಗಳಿಗೆಲ್ಲ ಸಮಾನ ತೂಕ ಕೊಡುವುದು ಬೇರೆ. ಓಲೆಗರಿಗಳನ್ನು ಹೋಲಿಸಿ ಹಳಗನ್ನಡ ಕಾವ್ಯಗಳನ್ನು ಅಚ್ಚಿಗೆ ತಂದ ನಮ್ಮ ಗ್ರಂಥಸಂಪಾದಕರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಒಂದು ಪಾಠವನ್ನು ಆರಿಸಿ ಮೇಲೆ ಮುದ್ರಿಸುವುದು, ಉಳಿದ ಪಾಠಾಂತರಗಳನ್ನು ಪುಟದ ಕೆಳಗೆ ಕೊಡುವುದು ಅವರ ಪದ್ಧತಿ. ಓದುವವನಿಗೆ ಪದ್ಯ ಸಿಕ್ಕಿತು, ಪರೀಕ್ಷಿಸುವವನಿಗೆ ಪ್ರತಿಗಳ ವಿವರ ಸಿಕ್ಕಿತು. ವಿಕಿಯೂ ಹೀಗೆಯೇ ಆಕರಗಳಿಗೆ ಒಂದು ಮೇಲು-ಕೆಳಗಿನ ಕ್ರಮ ಹಾಕಿಕೊಳ್ಳಬಹುದು: ಲೇಖಕ ಬದುಕಿದ್ದಾಗ ಪ್ರಕಟಿಸಿದ್ದು ಮೊದಲು, ಮರಣೋತ್ತರ ಸಂಪಾದಿತ ಕೃತಿ ಅನಂತರ, ಕರಡು ಮತ್ತು ಪತ್ರಗಳು ಆಮೇಲೆ. ಆ ಕ್ರಮ ಸಂಪಾದಕರು ಮಾಡಿಕೊಂಡ ಏರ್ಪಾಡೇ ಹೊರತು ಕಲ್ಪಿತ ಲೋಕದ ಸತ್ಯವಲ್ಲ ಎಂಬುದನ್ನು ನಿಯಮದ ಪುಟದಲ್ಲೇ ಬರೆದಿಡಬೇಕು.

ರೂಪಾಂತರಗಳು ಬಂದಾಗ ಈ ಕ್ರಮಕ್ಕೆ ನಿಜವಾದ ಪರೀಕ್ಷೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಆಧರಿಸಿದ ಪೀಟರ್ ಜಾಕ್ಸನ್‌ರ 2001ರ ಚಿತ್ರದಲ್ಲಿ ಗಾಯಗೊಂಡ ಫ್ರೋಡೊನನ್ನು ನದಿ ದಾಟಿಸುವವಳು ಆರ್ವೆನ್. ಪುಸ್ತಕದಲ್ಲಿ ಅವನನ್ನು ಕುದುರೆ ಹತ್ತಿಸಿ ಕಳಿಸುವವನು ಗ್ಲೋರ್‌ಫಿಂಡೆಲ್. ಜಾರ್ಜ್ ಆರ್.ಆರ್. ಮಾರ್ಟಿನ್‌ರ ಮಾಲೆಯಲ್ಲಿ ತೊಡಕು ಇನ್ನೂ ಹೆಚ್ಚು. 1996ರಲ್ಲಿ ಆರಂಭವಾದ ಮಾಲೆಯ ಐದನೆಯ ಸಂಪುಟ 2011ರಲ್ಲಿ ಬಂತು. ಅದೇ ವರ್ಷ ಶುರುವಾದ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿ ಪುಸ್ತಕಗಳನ್ನು ದಾಟಿ ಮುಂದೆ ಹೋಗಿ 2019ರಲ್ಲಿ ಮುಗಿದೇಹೋಯಿತು. ಕಾದಂಬರಿಯ ರಾಬ್ ಮದುವೆಯಾಗುವುದು ಜೇನ್ ವೆಸ್ಟರ್ಲಿಂಗ್‌ಳನ್ನು, ಧಾರಾವಾಹಿಯ ರಾಬ್ ಮದುವೆಯಾಗುವುದು ಟಲೀಸಾಳನ್ನು. ಇಬ್ಬರನ್ನೂ ಒಂದೇ ಪುಟದಲ್ಲಿ ಬೆರೆಸಿದರೆ ಯಾರೂ ಬರೆಯದ ಮೂರನೆಯ ಕಥೆಯೊಂದು ಹುಟ್ಟುತ್ತದೆ. ಎ ವಿಕಿ ಆಫ್ ಐಸ್ ಆ್ಯಂಡ್ ಫೈರ್ ಪುಸ್ತಕಗಳನ್ನೇ ಆಧಾರವಾಗಿ ಹಿಡಿದದ್ದು ಸರಿಯಾದ ನಿರ್ಧಾರ. ವೂಕೀಪೀಡಿಯ ಬೇರೆ ದಾರಿ ಹಿಡಿಯಿತು: 2014ರಲ್ಲಿ ಲ್ಯೂಕಾಸ್‌ಫಿಲ್ಮ್ ಹಳೆಯ ಕಾದಂಬರಿಗಳನ್ನೂ ಕಾಮಿಕ್ಸ್‌ಗಳನ್ನೂ ‘ಲೆಜೆಂಡ್ಸ್’ ಎಂದು ಬೇರ್ಪಡಿಸಿದಾಗ ಹಳೆಯ ಲೇಖನಗಳನ್ನು ಅಳಿಸದೆ, ಒಂದೇ ಪಾತ್ರಕ್ಕೆ ಎರಡು ಪುಟ ಇಟ್ಟಿತು. ಹಕ್ಕುದಾರ ಸಂಸ್ಥೆಯ ಒಂದು ಪ್ರಕಟಣೆಗೆ ವರ್ಷಗಟ್ಟಲೆಯ ದುಡಿಮೆ ಬಲಿಯಾಗದೆ ಉಳಿದದ್ದು ಯಾವ ಮಾತು ಯಾವ ಪುಸ್ತಕದ್ದೆಂದು ಮೊದಲೇ ದಾಖಲಾಗಿದ್ದರಿಂದ.

ಯಾವ ದನಿಯಲ್ಲಿ ಬರೆಯಬೇಕು ಎಂಬ ಪ್ರಶ್ನೆಯೂ ಇದಕ್ಕೇ ಹೊಂದಿಕೊಂಡಿದೆ. ವಿಕಿಪೀಡಿಯ ಕಾಲ್ಪನಿಕ ಕೃತಿಯನ್ನು ಹೊರಗೆ ನಿಂತು, ವರ್ತಮಾನ ಕಾಲದಲ್ಲಿ ವರ್ಣಿಸಲು ಹೇಳುತ್ತದೆ. ಮೆಮೊರಿ ಆಲ್ಫಾ ಆ ಲೋಕದೊಳಗಿನ ಚರಿತ್ರಕಾರನಂತೆ ಭೂತಕಾಲದಲ್ಲಿ ಬರೆಯುತ್ತದೆ. ಒಳಗಿನ ದನಿಯಲ್ಲಿ ಒಂದು ಸೊಗಸಿದೆ, ಹಲವರು ವಿಕಿಗೆ ಬರುವುದೇ ಆ ಲೋಕದಲ್ಲಿ ಇನ್ನಷ್ಟು ಹೊತ್ತು ಇರಲಿಕ್ಕೆ. ಅದನ್ನು ಕಿತ್ತುಕೊಳ್ಳಬೇಕಾಗಿಲ್ಲ, ಅಡಿಟಿಪ್ಪಣಿ ತಪ್ಪದಿದ್ದರೆ ಸಾಕು.

ಆಕರಕ್ಕೆ ನಿಷ್ಠೆಯೆಂದರೆ ಆಕರದ ನಕಲಲ್ಲ. ಹ್ಯಾರಿ ಪಾಟರ್ ಲೆಕ್ಸಿಕನ್ ಎಂಬ ಅಭಿಮಾನಿ ಆಕರಕೋಶವನ್ನು ಪುಸ್ತಕವಾಗಿ ತರಲು ಹೊರಟಾಗ ಜೆ.ಕೆ. ರೌಲಿಂಗ್ ಮತ್ತು ವಾರ್ನರ್ ಬ್ರದರ್ಸ್ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯಕ್ಕೆ ಹೋದರು. 2008ರ ತೀರ್ಪು ಎರಡು ಮಾತು ಹೇಳಿತು: ಕಾದಂಬರಿಗೆ ಆಕರಕೋಶ ಬರೆಯುವುದು ತನ್ನಷ್ಟಕ್ಕೆ ತಪ್ಪಲ್ಲ, ಆದರೆ ಈ ಕೋಶ ಲೇಖಕಿಯ ಮಾತುಗಳನ್ನು ಅಗತ್ಯಕ್ಕಿಂತ ಹೆಚ್ಚಾಗಿ ಎತ್ತಿಕೊಂಡಿದೆ. ಪ್ರಕಟಣೆಗೆ ತಡೆ ಬಿತ್ತು, ತಿದ್ದಿದ ರೂಪ 2009ರಲ್ಲಿ ಹೊರಬಂತು. ಸಂಗತಿಯನ್ನು ಸ್ವಂತ ಮಾತಿನಲ್ಲಿ ಹೇಳಿ, ಸ್ಥಳವನ್ನು ಅಧ್ಯಾಯ ಸಮೇತ ಸೂಚಿಸುವ ನಿಯಮಕ್ಕೆ ಹೀಗೆ ಕಾನೂನಿನ ಆಸರೆಯೂ ಇದೆ.

ಇಷ್ಟೆಲ್ಲ ಕಟ್ಟುಪಾಡು ಹಾಕಿದರೆ ಹೊಸಬರು ಹೆದರಿ ದೂರ ಸರಿಯುತ್ತಾರೆ ಎಂಬುದು ಅತ್ಯಂತ ಗಂಭೀರವಾದ ಆಕ್ಷೇಪ. ವಿಕಿ ಬದುಕುವುದೇ ಹೊಸಬರಿಂದ. ನಿಯಮದ ಪುಟ ಉದ್ದವಾದಷ್ಟೂ ಅದನ್ನು ಓದುವವರು ಕಡಿಮೆ. ಹಾಗಾಗಿ ಮೊದಲ ಸಲ ಬರೆಯುವವನಿಂದ ಕೇಳಬೇಕಾದದ್ದು ಪುಸ್ತಕದ ಹೆಸರು ಮತ್ತು ಅಧ್ಯಾಯ, ಅಷ್ಟೇ. ಕಾಗುಣಿತ, ಶೀರ್ಷಿಕೆಯ ರೂಪ, ವರ್ಗೀಕರಣಗಳನ್ನು ಹಿಂದಿನಿಂದ ಬರುವ ಅನುಭವಿಗಳು ಸರಿಪಡಿಸಲಿ. ಆಕರವಿಲ್ಲದ ಸಾಲನ್ನು ಕಂಡ ಕೂಡಲೇ ಅಳಿಸದೆ, ‘ಉಲ್ಲೇಖ ಬೇಕು’ ಎಂಬ ಗುರುತು ಹಾಕಿ, ಬರೆದವನನ್ನು ಚರ್ಚೆಪುಟದಲ್ಲಿ ಕೇಳಿದರೆ, ಮತ್ತೆ ಪುಸ್ತಕ ತೆಗೆದು ಆ ಅಧ್ಯಾಯ ಹುಡುಕಲು ಅವನಿಗೂ ಒಂದು ಅವಕಾಶ ಸಿಗುತ್ತದೆ.